ಬೂದ ಇರುವೆಗಳನ್ನು ಬಾಚಿ ಎಸೆದ ವರ್ಷ

ನಮ್ಮೂರಿಗೆ ಬರುವ ಬಸ್ಸಿಗೆ ಬೋರ್ಡಿಲ್ಲ. ಹತ್ತುವವರು ಡ್ರೈವರನ ಕುತ್ತಿಗೆ ನೋಡಿ ಹತ್ತುತ್ತಾರೆ. ಕಾಲರಿನ ಮೇಲೆ ಇರುವೆ ಸಾಲು ಕಂಡರೆ ಅದು ನಮ್ಮೂರಿನ ಬಸ್ಸು. ಎಳೆಕೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ನಮ್ಮಲ್ಲಿ ಎಲ್ಲರ ಮೈಮೇಲೂ ಇರುವೆ ಇದೆ. ಅದರಲ್ಲಿ ಏನು ವಿಶೇಷ ಅಂತ ನಮಗೆ ಯಾವತ್ತೂ ಅನಿಸಿಲ್ಲ. ನಿಮಗೆ ಕೂದಲಿದೆ, ನಮಗೆ ಕೂದಲೂ ಇದೆ, ಇರುವೆಯೂ ಇದೆ. ಮಲಗುವ ಮುಂಚೆ ಕಿವಿಯ ಹಿಂದೆ ಒಂದು ತೊಟ್ಟು ಬೆಲ್ಲದ ನೀರು ಸವರಿಕೊಳ್ಳುತ್ತೇವೆ. ಬಿಗಿಯಾದ ಬಟ್ಟೆ ಹೊಲಿಸುವುದಿಲ್ಲ. ಮದುವೆಯಲ್ಲಿ ತಾಳಿ ಕಟ್ಟಿದ ಮೇಲೆ ಗಂಡು ಹೆಣ್ಣು ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ಅವನ ಇರುವೆ ಇವಳದನ್ನು ಮೂಸಿ ನೋಡಿ ಸುಮ್ಮನಾಗುವವರೆಗೆ ಊಟಕ್ಕೆ ಎಲೆ ಹಾಕುವುದಿಲ್ಲ. ಕೆಲವು ಮದುವೆಗಳಲ್ಲಿ ಹೊತ್ತು ಇಳಿದುಹೋಗುತ್ತದೆ. ಹಸಿದ ನೆಂಟರು ಬೈದುಕೊಳ್ಳುತ್ತಾರೆ, ಅಷ್ಟೆ.

ಇರುವೆಗಳಲ್ಲಿ ಎರಡು ಬಗೆ. ಕೆಂಪಗೆ, ಚುರುಕಾಗಿ ಓಡಾಡುವವು ಕೆಂಚ. ಮುಳ್ಳು ಚುಚ್ಚಿದರೆ, ಗಾಯ ಕೀವಾದರೆ, ಕಜ್ಜಿಹುಳ ಹತ್ತಿದರೆ ಕೆಂಚಗಳು ಹಿಂಡುಹಿಂಡಾಗಿ ಬಂದು ಕಚ್ಚಿ, ಎಳೆದು, ಹೊರಗೆ ಹಾಕುತ್ತವೆ. ಅವು ಬಂದಾಗ ಮೈ ಉರಿಯುತ್ತದೆ, ಊದುತ್ತದೆ, ಆಮೇಲೆ ವಾಸಿಯಾಗುತ್ತದೆ. ಇನ್ನೊಂದು ಬಗೆ ಬೂದ. ಒಲೆಯ ಬೂದಿಯ ಬಣ್ಣ. ಕೆಂಚಗಳಿಗಿಂತ ತೀರಾ ಕಡಿಮೆ, ನಡಿಗೆಯೂ ನಿಧಾನ. ಏನನ್ನೂ ಕಚ್ಚುವುದಿಲ್ಲ, ಏನನ್ನೂ ಹೊರುವುದಿಲ್ಲ. ಕೆಂಚಗಳ ನಡುವೆ ಸುಮ್ಮನೆ ಓಡಾಡುತ್ತಾ ಒಂದೊಂದರ ತಲೆಗೂ ಮೀಸೆ ತಾಗಿಸುತ್ತಾ ಹೋಗುತ್ತವೆ. ಯಾಕೆ ಅಂತ ಯಾರೂ ಕೇಳಿರಲಿಲ್ಲ. ಕೇಳಲೇಬೇಕಾದ ಕಾಲ ಬಂದಾಗಲೂ ಕೇಳಲಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ.

ನನ್ನ ಅಕ್ಕನ ಹೆಸರು ಚಿಕ್ಕತಾಯಿ. ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆನೀರು ಹಾಕುವವಳು. ಅವ್ವ ತೀರಿಹೋದ ಮೇಲೆ ನನ್ನನ್ನು ಸಾಕಿದ್ದೂ ಅವಳೇ. ನಾನು ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈಮುಗಿದು ತರಕಾರಿ ಮಂಡಿಯಲ್ಲಿ ಮೂಟೆ ಹೊರಲು ಹೋದಾಗ ಒಂದು ವಾರ ಮಾತು ಬಿಟ್ಟಿದ್ದಳು. ಊರಿನಲ್ಲಿ ಅವಳ ಕೈ ತಾಗದ ಕೂಸಿಲ್ಲ. ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ಕೂಸನ್ನು ಬೋರಲು ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ನೀವುತ್ತಿದ್ದಳು. ಪಕ್ಕದಲ್ಲೇ ತಾಯಿಯನ್ನು ಕೂರಿಸಿ ಅವಳ ಅಂಗೈಯನ್ನು ಕೂಸಿನ ಬೆನ್ನಿಗೆ ತಾಗಿಸಿಡುತ್ತಿದ್ದಳು. ತಾಯಿಯ ಇರುವೆ ಕೂಸಿಗೆ ಇಳಿಯುವುದು ಹಾಗೆ. ಕೆಂಚ ಮೊದಲ ನೀರಿಗೇ ದಡದಡ ಇಳಿಯುತ್ತವೆ. ಬೂದ ಪೂರ್ತಿ ಇಳಿಯಲು ನಾಲ್ಕಾರು ನೀರು ಬೇಕು.

ಹಿಂದಿನ ಬೇಸಿಗೆಯಲ್ಲಿ ಊರಿಗೆ ಕೀವುಹುಣ್ಣು ಬಂದಿತ್ತು. ಕೆಳಗಿನ ಕೇರಿಯಲ್ಲಿ ಮಕ್ಕಳು ಸತ್ತವು. ಯಾರ ಮೈಮೇಲೆ ಕೆಂಚ ಹೆಚ್ಚಿತ್ತೋ ಅವರು ಉಳಿದರು ಅನ್ನುವ ಮಾತು ಹಬ್ಬಿತು. ಊರಸಭೆಯ ಅಧ್ಯಕ್ಷ ರುದ್ರಮುನಿಯಪ್ಪನಿಗೆ ಅಷ್ಟು ಸಾಕಾಯಿತು. ಸಂತೆ ಮೈದಾನದಲ್ಲಿ ಮೈಕು ಹಾಕಿಸಿದ.

"ನೋಡ್ರಪ್ಪ, ಕೆಂಚ ದುಡೀತವೆ. ಬೂದ ಏನು ಮಾಡ್ತವೆ? ನಮ್ಮ ಬೆಲ್ಲದ ನೀರು ಕುಡ್ಕಂಡು ತಿರುಗ್ತವೆ. ಅಷ್ಟೇ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ದುಡಿಯೋ ಕೆಂಚನ್ನ ಅಡ್ಡಗಟ್ಟಿ ನಿಲ್ಲಿಸ್ತವೆ. ಭೂತಗನ್ನಡಿ ಹಿಡಿದು ನಾನೇ ನೋಡಿದೀನಿ. ಇಂಥ ಮೈಗಳ್ಳರನ್ನ ನಮ್ಮ ಮೈಮೇಲೇ ಸಾಕಬೇಕಾ?"

ಬೇಡ ಬೇಡ ಅಂತ ಜನ ಕೂಗಿದರು. ಮಕ್ಕಳನ್ನು ಮಣ್ಣು ಮಾಡಿ ಬಂದ ಜನ. ಅವರನ್ನು ನಾನು ಬೈಯುವುದಿಲ್ಲ. ರುದ್ರಮುನಿಯಪ್ಪ ಭೂತಗನ್ನಡಿಯಲ್ಲಿ ನೋಡಿದ್ದೂ ಸುಳ್ಳಲ್ಲ. ಬೂದ ಮುಟ್ಟಿದರೆ ಕೆಂಚ ನಿಲ್ಲುತ್ತಿತ್ತು. ಯಾವ ಜಾಗದಲ್ಲಿ ನಿಲ್ಲುತ್ತಿತ್ತು, ಏನನ್ನು ಕಚ್ಚಲು ಹೊರಟಾಗ ನಿಲ್ಲುತ್ತಿತ್ತು ಅಂತ ಇನ್ನೊಂದು ಗಳಿಗೆ ಬಗ್ಗಿ ನೋಡಿದ್ದರೆ ಆಗುತ್ತಿತ್ತು. ಅಷ್ಟು ಹೊತ್ತು ಬಗ್ಗಿದರೆ ಅಧ್ಯಕ್ಷರ ಸೊಂಟ ನೋಯುತ್ತದಲ್ಲ.

ಕೇರಿಕೇರಿಗೆ ಬಾಚುವವರನ್ನು ಕಳಿಸಿದರು. ಹೇನು ತೆಗೆಯುವ ಸೀರಣಿಗೆಗೆ ಎಣ್ಣೆ ಸವರಿ ಮೈಮೇಲೆ ಎಳೆಯುತ್ತಿದ್ದರು. ಕೆಂಚ ತಪ್ಪಿಸಿಕೊಂಡು ಓಡುತ್ತಿದ್ದವು. ಬೂದಕ್ಕೆ ಓಡಲು ಬರುವುದಿಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಅವನ್ನು ಸೀಮೆಎಣ್ಣೆ ಡಬ್ಬಕ್ಕೆ ಕೊಡವುತ್ತಿದ್ದರು. ಹೆಂಗಸರು ಹಿಂದೆಮುಂದೆ ನೋಡುತ್ತಿದ್ದಾರೆ ಅಂತ ಗೊತ್ತಾದಾಗ ರುದ್ರಮುನಿಯಪ್ಪ ನಮ್ಮ ಮನೆಗೇ ಬಂದ.

"ಚಿಕ್ಕತಾಯಮ್ಮ, ಊರಿನ ಹೆಂಗಸರೆಲ್ಲ ನಿನ್ನ ಕೈ ನೋಡ್ತಾರೆ. ನೀನು ಮೊದ್ಲು ಬಾಚಿಸ್ಕಂಡ್ರೆ ಮಿಕ್ಕವರು ತಾನಾಗಿ ಬರ್ತಾರೆ" ಅಂದ. ಅಕ್ಕ ಒಳ್ಳೆಯ ಸೀರೆ ಉಟ್ಟು ಹೋದಳು. ಮೈದಾನದಲ್ಲಿ ಪರದೆ ಕಟ್ಟಿ ಅವಳ ಬೆನ್ನು, ತೋಳು, ಕುತ್ತಿಗೆ, ಎಲ್ಲವನ್ನೂ ಮೂರು ಮೂರು ಸಲ ಬಾಚಿದರು. ಮಾದರಿ ಆಗಬೇಕಲ್ಲ, ಒಂದೂ ಉಳಿಯಬಾರದು. ಕೊರಳಿಗೆ ಹಾರ ಹಾಕಿ ಕಳಿಸಿದರು. ಮನೆಗೆ ಬಂದವಳು, "ನೀನೂ ಹೋಗಿ ಬಾಚಿಸ್ಕಂಡು ಬಾರೋ ಮರೀ" ಅಂದಳು. ನನ್ನ ಹೆಸರು ಮರಿಸ್ವಾಮಿ. ನಾನು ಹೋಗಲಿಲ್ಲ. ನನಗೇನೋ ಗೊತ್ತಿತ್ತು ಅಂದುಕೊಳ್ಳಬೇಡಿ. ರುದ್ರಮುನಿಯಪ್ಪ ಉಣ್ಣು ಅಂದರೆ ಉಪವಾಸ ಕೂರುವವನು ನಾನು, ಅಷ್ಟೇ ಕಾರಣ.

ಮೊದಮೊದಲು ಊರಿಗೆ ಊರೇ ಹುಮ್ಮಸ್ಸಿನಲ್ಲಿತ್ತು. ಮೊಡವೆ ಎದ್ದರೆ ಬೆಳಗಾಗುವುದರೊಳಗೆ ಒಣಗುತ್ತಿತ್ತು. ಅಂಗಡಿ ಕಟ್ಟೆಗಳಲ್ಲಿ ಗಂಡಸರು ಅಂಗಿ ಬಿಚ್ಚಿ ತಮ್ಮ ಕೆಂಚ ತೋರಿಸಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಬಾಯಿಯೊಳಗೆ ಉರಿ ಅನ್ನತೊಡಗಿದಳು. ಮುದ್ದೆ ನುಂಗಲಾರಳು, ಸಾರಿಗೆ ಖಾರ ಹಾಕದಿದ್ದರೂ ಕಣ್ಣಲ್ಲಿ ನೀರು. ಆಮೇಲೆ ಬೆನ್ನಿನ ಮೇಲೆ ನೀರುಗುಳ್ಳೆ ಎದ್ದವು. ಮುಟ್ಟಿದರೆ ಮೇಲಿನ ಚರ್ಮ ಹಾಲಿನ ಕೆನೆಯ ಹಾಗೆ ಜಾರಿ ಬರುತ್ತಿತ್ತು. ಸೀರೆ ಅಂಟುತ್ತಿತ್ತು, ಬಿಡಿಸಿದರೆ ರಕ್ತ. ನಾನು ದೀಪ ಹಿಡಿದು ನೋಡಿದೆ. ಗಾಯವಿಲ್ಲ, ಕೀವಿಲ್ಲ, ಹುಳವಿಲ್ಲ. ಅವಳದೇ ಕೆಂಚಗಳು, ಹುಟ್ಟಿದಾಗಿನಿಂದ ಅವಳನ್ನು ಕಾದವು, ಅವಳ ಒಳ್ಳೆಯ ಚರ್ಮದ ಎಳೆ ಎಳೆಯನ್ನೇ ಕಡಿಯುತ್ತಿದ್ದವು. ಅದೇ ಶಿಸ್ತು, ಅದೇ ಸಾಲು. ಶತ್ರು ಅಂತಲೇ ನಂಬಿ ಕಚ್ಚುತ್ತಿದ್ದವು. ತಡೆದು ನಿಲ್ಲಿಸಲು ನಡುವೆ ಬೂದ ಒಂದೂ ಇರಲಿಲ್ಲ.

ಊರಿನಲ್ಲಿ ಬೇರೆಯವರಿಗೂ ಶುರುವಾಗಿತ್ತು. ಒಬ್ಬನಿಗೆ ಮೊಣಕೈಯಲ್ಲಿ ಬೆಳ್ಳಿಯಂಥ ಹೊಟ್ಟು, ಇನ್ನೊಬ್ಬಳಿಗೆ ತುಟಿಯ ಅಂಚು ಬೆಳ್ಳಗೆ. ಎಲ್ಲರೂ ಮುಚ್ಚಿಟ್ಟುಕೊಂಡರು. ಅಕ್ಕನದು ಮುಚ್ಚಿಡುವಂತಿರಲಿಲ್ಲ, ಅವಳ ಕೆಲಸ ಕೈಯದು. ಬಾಯಿಗೆ ಬಂದದ್ದೆಲ್ಲ ಜನ ಅಂದರು. ಮೈ ತೊಳೆಯಲ್ಲ ಅಂದರು. ಯಾರದೋ ಶಾಪ ಅಂದರು. ಮಂಡಿಯಲ್ಲಿ ಒಬ್ಬ, "ನಿಮ್ಮಕ್ಕ ಎಲ್ಲೆಲ್ಲಿ ಓಡಾಡಿ ಹತ್ತಿಸ್ಕಂಡ್ಳೋ" ಅಂದ. ಅವನ ಎರಡು ಹಲ್ಲು ಈಗ ಇಲ್ಲ.

ಊರಸಭೆ ಏನು ಮಾಡಿತು ಗೊತ್ತೆ? ಅಕ್ಕನ ಕೆಂಚಕ್ಕೆ ಬಲ ಸಾಲದು ಅಂದಿತು! ಬುಟ್ಟಿಯಲ್ಲಿ ಕಾಡು ಕೆಂಚ ತಂದು ಮೈಮೇಲೆ ಸುರಿಸಿಕೊಂಡರೆ ಸರಿಹೋಗುತ್ತದೆ ಅಂತ ಆಳು ಕಳಿಸಿತು. ನಾನು ಮನೆಯಲ್ಲಿರಲಿಲ್ಲ. ಸಂಜೆ ಬಂದಾಗ ಅಕ್ಕ ಬಾಳೆಎಲೆಯ ಮೇಲೆ ಬೋರಲು ಮಲಗಿದ್ದಳು. ಬೆನ್ನಿನಲ್ಲಿ ಚರ್ಮ ಅನ್ನುವುದು ಅಲ್ಲೊಂದು ಚೂರು, ಇಲ್ಲೊಂದು ಚೂರು. "ಬೈಬ್ಯಾಡ ಕಣೋ, ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ರು" ಅಂದಳು. ಮಾರನೇ ದಿನ ಬಾಗಿಲಿಗೆ ನೋಟೀಸು ಅಂಟಿಸಿದರು: ಚಿಕ್ಕತಾಯಮ್ಮ ಎಂಬುವವರು ಇನ್ನು ಮುಂದೆ ಬಾಣಂತಿ, ಕೂಸುಗಳನ್ನು ಮುಟ್ಟತಕ್ಕದ್ದಲ್ಲ. ಹಿಟ್ಟಿನ ಗಿರಣಿಯವರ ಸೊಸೆ ಸೌಭಾಗ್ಯ ಆಗ ಬಸುರಿ, ಹೆರಿಗೆಗೆ ಅಕ್ಕನನ್ನೇ ಗೊತ್ತುಮಾಡಿದ್ದವಳು. ಅಕ್ಕ ಹೇಗೋ ಅವಳ ಮನೆಯವರೆಗೆ ನಡೆದು ಹೋದರೆ ಕಿಟಕಿಯಿಂದಲೇ, "ಬರಬ್ಯಾಡ ಕಣಕ್ಕ, ತಪ್ಪು ತಿಳ್ಕಾಬ್ಯಾಡ" ಅಂದು ಕದ ಎಳೆದುಕೊಂಡಳು. ಅಕ್ಕ ಆವತ್ತು ಅತ್ತಳು. ಮೈ ಸುಲಿದಾಗ ಅತ್ತಿರಲಿಲ್ಲ.

ಅವಳನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿರುವುದು ಒಬ್ಬರೇ ಡಾಕ್ಟರು, ವಿಮಲಾಕ್ಷಿ. ಹೊರಊರಿನಿಂದ ಬಂದು ನಮ್ಮಲ್ಲೇ ಉಳಿದವರು. ಅಕ್ಕನ ಬೆನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೆಂಚಕ್ಕೆ ಕಣ್ಣಿಲ್ಲಪ್ಪ, ವಾಸನೆಯಲ್ಲೇ ಗುರುತು ಹಿಡಿಯೋದು. ಒಂದೊಂದು ಸಲ ನಮ್ಮ ಚರ್ಮದ ವಾಸನೆಯೇ ಕಳ್ಳನ ವಾಸನೆ ಥರ ಅನ್ನಿಸುತ್ತೆ. ಎಲ್ಲರ ಮೈಮೇಲೂ ದಿನಾ ಆಗೋ ತಪ್ಪು ಅದು. ಆಗ ಬೂದ ಬಂದು ಮುಟ್ಟಿ, ಇದು ಮನೆಯವರದ್ದು, ಬಿಡು ಅಂತ ನಿಲ್ಲಿಸುತ್ತೆ. ಈಗ ನಿಲ್ಲಿಸೋರಿಲ್ಲ. ಒಂದು ಕಚ್ಚಿದ್ದನ್ನ ನೋಡಿ ಹತ್ತು ಕಚ್ಚುತ್ತೆ."

"ಇದು ಇನ್ನೊಬ್ಬರಿಗೆ ಅಂಟುತ್ತಾ?"

"ಇಲ್ಲ. ಇವರ ಇರುವೆ ಇವರ ಚರ್ಮವನ್ನ ಕಚ್ತಿರೋದು. ಇನ್ನೊಬ್ಬರಿಗೆ ಹೇಗಂಟುತ್ತೆ?"

"ಬೂದದ ವಿಷಯ ನಿಮಗೆ ಗೊತ್ತಿತ್ತಾ ಮೇಡಂ?"

"ಪೂರ್ತಿ ಗೊತ್ತಿರಲಿಲ್ಲ. ಅನುಮಾನ ಇತ್ತು. ಯಾಕಿವೆ ಅಂತ ತಿಳ್ಕೊಂಡು ಆಮೇಲೆ ಬಾಚೋಣ ಅಂದೆ. ಅಷ್ಟು ದಿನ ಕಾಯೋಕೆ ಜನ ಒಪ್ಪಲ್ಲ ಅಂದರು ಊರಸಭೆಯವರು."

"ಆಮೇಲೆ?"

"ಬಾಚಬಹುದು ಅಂತ ಸಹಿ ಹಾಕಿದೆ."

ನನಗೆ ಮೈಯೆಲ್ಲ ಹೊತ್ತಿಕೊಂಡಿತು. ಬಾಯಿಗೆ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ. ಅಕ್ಕನೇ ಗಾಡಿಯ ಮೇಲಿಂದ, "ಬೈದಿದ್ದು ಮುಗೀತಾ? ಮುಗಿದ್ರೆ ಔಷಧಿ ಕೇಳು" ಅಂದಳು.

ಔಷಧಿ ಅಂದರೆ ಹೊಗೆ. ಒಂದು ಸೊಪ್ಪು ಸುಟ್ಟು ಹೊಗೆ ಹಾಕಿದರೆ ಮೈಮೇಲಿನ ಇರುವೆಯೆಲ್ಲ ಮಂಕಾಗಿ ಮಲಗುತ್ತವೆ. ಹೊಗೆ ಹಾಕಿದ ದಿನವೇ ಅಕ್ಕ ನಿದ್ದೆ ಮಾಡಿದಳು. ಗುಳ್ಳೆಗಳು ಒಣಗತೊಡಗಿದವು. ಆದರೆ ಕಾವಲೆಲ್ಲ ಮಲಗಿದ ಮೈ ಅದು. ಸೊಳ್ಳೆ ಕಚ್ಚಿದ್ದೂ ಕೀವಾಯಿತು, ಜ್ವರ ಏರಿತು. ಹೊಗೆ ನಿಲ್ಲಿಸಿದರೆ ಕೆಂಚ ಎದ್ದು ಮತ್ತೆ ಕಚ್ಚಲು ಕೂರುತ್ತಿದ್ದವು. ಹಾಕಿದರೆ ಕೀವು, ಬಿಟ್ಟರೆ ಸುಲಿತ. ಹೀಗೇ ಎಷ್ಟು ದಿನ ಅಂತ ಕೇಳಿದೆ.

"ಬಹಳ ದಿನ ತಡೆಯೋ ಮೈಯಲ್ಲ ಇದು" ಅಂದರು ಡಾಕ್ಟರು. ಆಮೇಲೆ ನನ್ನ ಕುತ್ತಿಗೆಯನ್ನೇ ನೋಡುತ್ತಾ ನಿಂತರು. "ನೀನು ಬಾಚಿಸಿಕೊಂಡಿಲ್ವಾ?"

"ಇಲ್ಲ. ಅದಕ್ಕೂ ನೋಟೀಸು ಕೊಡ್ತೀರಾ?"

"ಕೂತ್ಕೋ ಮಾರಾಯ. ಒಂದೇ ತಾಯಿ ಹೊಟ್ಟೆಯವರ ಬೂದವನ್ನ ಇವರ ಕೆಂಚ ಒಪ್ಪಬಹುದು. ಒಪ್ಪದೇ ಕೊಂದೂ ಹಾಕಬಹುದು. ನಿನ್ನ ಮೈಮೇಲೆ ಕಡಿಮೆಯಾದರೆ ನಿನಗೂ ತೊಂದರೆ ಬರಬಹುದು. ಯೋಚನೆ ಮಾಡು."

ಯೋಚನೆ ಮಾಡುವಂಥದ್ದು ಏನಿತ್ತು? ಅಕ್ಕನ ಕೆಂಚಗಳಿಗೆ ಹೊಗೆ ಹಾಕಿ ಮಲಗಿಸಿದರು. ಇಬ್ಬರನ್ನೂ ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿ ನಡುವೆ ಬೆಲ್ಲದ ನೀರು ಸವರಿದರು. ಹಗಲೆಲ್ಲ ಕೂತೆವು. ನನ್ನ ಬೂದಗಳು ಸೋಮಾರಿಗಳ ಹಾಗೆ ಒಂದೊಂದೇ ಹೊರಟವು. ಅವುಗಳ ಕಾಲು ಹೆಗಲಿನ ಮೇಲೆ ಹಾದುಹೋಗುವುದು ತಿಳಿಯುತ್ತಿತ್ತು. "ಕಚಗುಳಿ ಆಯ್ತದೆ ಕಣೋ" ಅಂತ ಅಕ್ಕ ನಕ್ಕಳು. ಎಷ್ಟು ದಿನವಾಗಿತ್ತೋ ಅವಳು ನಕ್ಕು. ಹೊಗೆ ಇಳಿದು ಅವಳ ಕೆಂಚಗಳು ಎದ್ದಾಗ ಡಾಕ್ಟರು ಬಗ್ಗಿ ನೋಡಿದರು. ಬಹಳಷ್ಟು ಬೂದ ಸತ್ತವು. ಅಕ್ಕನ ಬೆನ್ನಿನಿಂದ ಬೂದಿ ಉದುರಿದ ಹಾಗೆ ಉದುರಿದವು. ಉಳಿದದ್ದು ಹಿಡಿಯಷ್ಟೂ ಅಲ್ಲ. ಆ ಉಳಿದವುಗಳಲ್ಲಿ ಒಂದು, ಕೆಂಚದ ಹತ್ತಿರ ಹೋಗಿ ಮೀಸೆ ತಾಗಿಸಿತು. ಬಾಯಿ ತೆರೆದಿದ್ದ ಕೆಂಚ ಹಾಗೇ ನಿಂತಿತು. ಆಮೇಲೆ ಬಾಯಿ ಮುಚ್ಚಿತು.

ಚರ್ಮ ಮೆಲ್ಲಗೆ ಕೂಡಿಕೊಂಡಿತು. ಬಾಯಿಯ ಹುಣ್ಣು ಮಾಯ್ದು ಅಕ್ಕ ಮುದ್ದೆ ಉಂಡಳು. ಆದರೆ ಬಣ್ಣ ಹಳೆಯ ಹಾಗೆ ಬರಲಿಲ್ಲ. ಬೆನ್ನು, ತೋಳು, ಎರಡೂ ಅಂಗೈಗಳ ಮೇಲೆ ಬಿಳಿ ಮಚ್ಚೆ, ಕಂದು ಮಚ್ಚೆ. ನನ್ನ ಮೈಮೇಲೆ ಬೂದ ಕಡಿಮೆಯಾಗಿ ಮೊಣಕೈಯಲ್ಲಿ ಒಂದಿಷ್ಟು ಹೊಟ್ಟು ಎದ್ದಿದೆ, ತುರಿಸುತ್ತದೆ. ಇರಲಿ.

ಅಷ್ಟರಲ್ಲಿ ಊರಸಭೆಯವರ ಮೈಗಳೂ ಸುಲಿಯತೊಡಗಿದ್ದವು. ಸದ್ದಿಲ್ಲದೆ ಸೀರಣಿಗೆಗಳನ್ನು ವಾಪಸು ತೆಗೆದುಕೊಂಡರು. ಗೋಡೆಗೋಡೆಗೆ ಹೊಸ ನೋಟೀಸು ಬಂತು: ಬೂದ ಇರುವೆ ಊರಿನ ಸಂಪತ್ತು, ಉಳಿಸಿ ಬೆಳೆಸಿ. ಯಾರು ಕೊಂದರು ಅಂತ ಅದರಲ್ಲಿಲ್ಲ. ಚರ್ಮದ ಬಾಧೆ ಅಂಟುರೋಗವಲ್ಲ, ಅಂಜಬೇಡಿ ಅಂತಲೂ ಇತ್ತು. ನಮ್ಮ ಬಾಗಿಲ ಮೇಲಿನ ಹಳೆಯ ನೋಟೀಸು ಮಾತ್ರ ಹಾಗೇ ಇತ್ತು. ಅಂಟಲ್ಲ ಅನ್ನುವುದಾದರೆ ಅಕ್ಕ ಕೂಸುಗಳನ್ನು ಯಾಕೆ ಮುಟ್ಟಬಾರದು? ಅದನ್ನು ಕೇಳಲು ಅಕ್ಕನನ್ನು ಕರೆದುಕೊಂಡು ಊರಸಭೆಗೆ ನುಗ್ಗಿದೆ. ಸಭೆ ನಡೆಯುತ್ತಿತ್ತು. ಉದ್ದದ ಮೇಜಿನ ಹಿಂದೆ ರುದ್ರಮುನಿಯಪ್ಪ, ಅವನ ಆಚೀಚೆ ಸದಸ್ಯರು. ಆ ಸೆಕೆಯಲ್ಲೂ ಎಲ್ಲರದೂ ತುಂಬುತೋಳಿನ ಅಂಗಿ.

"ಆದದ್ದು ಆಗೋಯ್ತು ಕಣಪ್ಪ ಮರಿಸ್ವಾಮಿ. ಆಗ ತಿಳಿದಷ್ಟು ಮಾಡಿದ್ವಿ."

"ತಿಳೀದೆ ಇದ್ದಿದ್ದನ್ನ ಮಾಡಿದ್ರಿ. ತಪ್ಪು ಮಾಡಿದ್ವಿ ಅಂತ ಮೈಕಲ್ಲಿ ಹೇಳಿ. ಬಾಚಿ ಅಂತ ಹೇಳಿದ್ದು ಅದೇ ಮೈಕಲ್ಲಿ ತಾನೆ?"

"ನೋಡು, ಸಣ್ಣ ಹುಡುಗ ನೀನು..."

"ಅಂಟುರೋಗ ಅಲ್ಲ ಅಂತ ನೀವೇ ಬರೆಸಿದೀರಲ್ಲ ಸ್ವಾಮಿ" ಅಂದಳು ಅಕ್ಕ. "ಹಂಗಾದ್ರೆ ನನ್ನ ಕೈ ಹಿಡ್ಕಳಿ ಒಂದ್ಗಳಿಗೆ."

ಮೇಜಿನ ಮೇಲೆ ಮಚ್ಚೆಯ ಅಂಗೈ ಚಾಚಿದಳು. ರುದ್ರಮುನಿಯಪ್ಪ ಆ ಕೈಯನ್ನೊಮ್ಮೆ ನೋಡಿದ, ಜೊತೆಯವರನ್ನೊಮ್ಮೆ ನೋಡಿದ. ಅವನ ಎರಡೂ ಕೈ ಮೇಜಿನ ಕೆಳಗೆ ಹೋದವು. ನಾನು ಕುರ್ಚಿ ಎತ್ತಿದೆ. ನಿಜ ಹೇಳುತ್ತೇನೆ, ಬೀಸುವವನೇ ಇದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕೂಸಿನ ಅಳು ಕೇಳಿಸಿತು.

ಗಿರಣಿಯ ಸೌಭಾಗ್ಯ ನಿಂತಿದ್ದಳು, ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು. ನಮ್ಮ ಮನೆಗೆ ಹೋಗಿ, ಅಲ್ಲಿ ಕಾಣದೆ ಇಲ್ಲಿಗೆ ಬಂದಿದ್ದಳು. ತೋಳಿನಲ್ಲಿ ವಾರದ ಕೂಸು. ಅದರ ಕೆನ್ನೆ ಎರಡೂ ಕೆಂಪಗೆ ಬಿರಿದು ಹೊಟ್ಟು ಉದುರುತ್ತಿತ್ತು. ಕೆಂಚಗಳು ಆಗಲೇ ಕಿವಿಯ ಹಿಂದೆ ಸಾಲುಗಟ್ಟಿದ್ದವು.

"ನನ್ ಮೈಮೇಲೆ ಒಂದು ಬೂದನೂ ಉಳಿದಿಲ್ಲ ಕಣಕ್ಕ, ಇದಕ್ಕೆ ಎಲ್ಲಿಂದ ಕೊಡ್ಲಿ?" ಅಂದಳು. "ಎಳೆಕೂಸಿಗೆ ತನ್ನವರು ಬೇರೆಯವರು ಅಂತ ಇನ್ನೂ ಗೊತ್ತಿರಲ್ಲವಂತೆ, ಯಾರ ಬೂದ ಇಳಿಸಿದ್ರೂ ಒಪ್ಕಂತದೆ ಅಂದ್ರು ಡಾಕ್ಟ್ರು. ಎಲ್ಲರ ಮನೇಲೂ ಕೇಳ್ದೆ. ಯಾರತ್ರನೂ ಇಲ್ಲ. ನಿನ್ ಮೈಮೇಲೆ ಒಂದಿಷ್ಟು ಅವೆಯಂತೆ."

"ಕಿಟಕಿಯಿಂದ ಕೇಳಮ್ಮ" ಅಂದೆ ನಾನು. "ಆವತ್ತು ಕಿಟಕಿಯಿಂದ ತಾನೆ ಮಾತಾಡಿದ್ದು? ನಮ್ಮಕ್ಕನ ಮೈಮೇಲೆ ಇರೋದೇ ನಾಕು. ಅದ್ನೂ ಕಿತ್ಕಂಡು ಹೋಗಾಕೆ ಬಂದ್ಯಾ?"

ಸೌಭಾಗ್ಯಳ ಮುಖ ಸುಣ್ಣವಾಯಿತು. ಕೂಸನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಹೋದಳು.

"ಮರೀ" ಅಂದಳು ಅಕ್ಕ. ಜೋರಾಗಿ ಏನಲ್ಲ. "ಯಾರನ್ನ ಕಚ್ತಿದೀಯ ನೋಡ್ಕಂಡು ಕಚ್ಚು."

ನಾನು ಕುರ್ಚಿ ಇಳಿಸಿದೆ. ಅಕ್ಕ ಅಲ್ಲೇ ಊರಸಭೆಯ ನೆಲದ ಮೇಲೆ, ಮೇಜಿನ ಮುಂದೆ, ಸೀರೆಯನ್ನು ಮೊಣಕಾಲಿಗೆ ಸರಿಸಿ ಕಾಲು ಚಾಚಿ ಕೂತಳು. ಕೂಸನ್ನು ಇಸಿದುಕೊಂಡು ಬೋರಲು ಹಾಕಿಕೊಂಡಳು. "ಬಿಸ್ನೀರು ತರ್ಸು. ಸುಡೋ ನೀರಲ್ಲ, ಮೊಣಕೈಗೆ ಹಿತ ಇರ್ಬೇಕು" ಅಂತ ಸಭೆಯ ಜವಾನನಿಗೆ ಹೇಳಿದಳು. ಅವನು ಅಧ್ಯಕ್ಷನ ಮುಖ ನೋಡಲಿಲ್ಲ, ಓಡಿದ. ಸದಸ್ಯರ ಚಹಾಕ್ಕೆ ಕಾಯಿಸಿಟ್ಟಿದ್ದ ನೀರನ್ನೇ ಬೆರೆಸಿ ತಂದ. ಸೌಭಾಗ್ಯ ಸೆರಗಿನೊಳಗಿಂದ ಹರಳೆಣ್ಣೆಯ ಬಟ್ಟಲು ತೆಗೆದಳು.

ಅಕ್ಕ ಎರಡೂ ಅಂಗೈಗೆ ಎಣ್ಣೆ ಹಚ್ಚಿ ಕೂಸಿನ ಬೆನ್ನ ಮೇಲಿಟ್ಟಳು. ಮಚ್ಚೆಯ ಕೈ, ಎಳೆಯ ಬೆನ್ನು. ಅವಳ ತೋಳಿನಿಂದ ಬೂದ ಒಂದು ಇಳಿಯತೊಡಗಿತು. ಅದರ ಹಿಂದೆ ಇನ್ನೊಂದು. ನಾನು ಕೊಟ್ಟದ್ದು ಅವು, ಸಾಯದೆ ಉಳಿದಿದ್ದವು. ಸಾಕು ನಿಲ್ಲಿಸು ಅಂತ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮೇಜಿನ ಹಿಂದೆ ಕುರ್ಚಿಗಳು ಸದ್ದು ಮಾಡಿದವು. ರುದ್ರಮುನಿಯಪ್ಪ ಶಲ್ಯ ಹೆಗಲಿಗೆ ಹಾಕಿಕೊಂಡು, "ಸಭೆ ನಾಳೆ ಮುಂದುವರಿಸೋಣ" ಅನ್ನುತ್ತಾ ಬಾಗಿಲ ಕಡೆ ಬಂದ. ಉಳಿದವರು ಅವನ ಹಿಂದೆ. ಕೂಸಿಗೆ ನೀರು ಹಾಕುವಾಗ ಬಾಗಿಲು ತೆರೆಯಬಾರದು, ಗಾಳಿ ತಾಗಿದರೆ ಶೀತವಾಗುತ್ತದೆ. ಇದು ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ನಾನು ಎರಡೂ ಕದ ಎಳೆದು ಅಗುಳಿ ಹಾಕಿ, ಬೆನ್ನು ಕೊಟ್ಟು ನಿಂತೆ.

"ಬಿಡಪ್ಪ ದಾರಿ" ಅಂದ ಅವನು.

"ನೀರು ಹಾಕ್ತಾವ್ರೆ. ಕಾಣಕಿಲ್ವಾ? ಹೋಗಿ ಕೂತ್ಕಳಿ."

"ಎಷ್ಟೊತ್ತು ಆಯ್ತದೆ?"

ಅಕ್ಕ ತಲೆ ಎತ್ತಲಿಲ್ಲ. ಕೂಸಿನ ಅಳು ಸಣ್ಣದಾಗುತ್ತಿತ್ತು.

"ಬೂದ ಇಳಿಯೋದು ನಿಧಾನ ಸ್ವಾಮಿ" ಅಂದಳು. "ಈ ಸಲ ಕೂತು ಪೂರ್ತಿ ನೋಡಿ."